ಬಾಲದ ಕೂದಲಿನಿಂದ ಲ್ಯಾಬ್‌ವರೆಗೆ: ದನಗಳ ಡಿಎನ್‌ಎ ಸ್ಯಾಂಪಲ್ ತೆಗೆಯುವ ಬಗೆ

ಮೊದಲ ಸಲ ನಾನು ಹಸುಗಳ ಬಾಲದ ಕೂದಲು ಕಿತ್ತು ಲ್ಯಾಬ್‌ಗೆ ಕಳಿಸಿದಾಗ ಒಂದೂ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆಯಷ್ಟೇ ಮೈ ತೊಳೆದಿದ್ದ ಹಸುಗಳು. ಬಾಲ ಇನ್ನೂ ಒದ್ದೆ ಇತ್ತು. ಕಿತ್ತ ಕೂದಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಆಡದ ಹಾಗೆ ಬಾಯಿ ಅಂಟಿಸಿದೆ. ಹೀಗಿದ್ದರೆ ಭದ್ರ ಅಂದುಕೊಂಡೆ. ಲ್ಯಾಬ್ ಮುಟ್ಟುವ ಹೊತ್ತಿಗೆ ಒಳಗೆಲ್ಲ ಬೂಸ್ಟು ಹಿಡಿದಿತ್ತು. ಇನ್ನೊಮ್ಮೆ ಕಳಿಸಿ ಅಂದರು, ಕಳಿಸಿದೆ. ಹೋಗಿದ್ದು ಸ್ವಲ್ಪ ಸಮಯ ಅಷ್ಟೇ.

ಮುಂದೆ ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಎರಡು ಹಸುಗಳ ಕೂದಲು ಕಿತ್ತು ಎರಡನ್ನೂ ಕೈಯಲ್ಲೇ ಹಿಡಿದು, ಆಮೇಲೆ ಕವರ್ ಮೇಲೆ ನಂಬರ್ ಬರೆದೆ. ಅದಲು ಬದಲಾಯಿತು. ಲ್ಯಾಬ್‌ಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಸ್ಯಾಂಪಲ್ ಚೆನ್ನಾಗಿತ್ತು, ರಿಪೋರ್ಟ್ ಕೂಡ ಚೆನ್ನಾಗಿ ಬಂತು. ಅದು ಬೇರೆ ಹಸುವಿನದ್ದು, ಅಷ್ಟೇ. ಒಂದು ಕರುವಿಗೆ ಅದರ ಸ್ವಂತ ತಾಯಿಯೇ ತಾಯಿ ಅಲ್ಲ ಅಂತ ಬಂದಾಗಲೇ ನಮಗೆ ಅನುಮಾನ ಬಂದಿದ್ದು.

ಕೆಟ್ಟ ಸ್ಯಾಂಪಲ್ ತಾನಾಗಿಯೇ ಸಿಕ್ಕಿಬೀಳುತ್ತದೆ. ತಪ್ಪು ಹೆಸರಿನ ಸ್ಯಾಂಪಲ್ ಹಾಗಲ್ಲ. ಅದು ಸುಮ್ನೆ ದಾಖಲೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ತಪ್ಪು ಹೇಳುತ್ತಾ ಇರುತ್ತದೆ. ಈ ಬರಹದಲ್ಲಿ ಹೆಸರು ನಂಬರಿನ ಮಾತು ಮತ್ತೆ ಮತ್ತೆ ಬರುವುದು ಅದಕ್ಕೇ.

ಯಾವ ಪರೀಕ್ಷೆ ಅಂತ ಮೊದಲು ತಿಳಿದುಕೊಳ್ಳಿ

ದನಗಳ ಡಿಎನ್‌ಎಯಿಂದ ತಿಳಿಯಬಹುದಾದದ್ದು ಬಹಳ ಇದೆ. ಕರುವಿನ ತಂದೆ ತಾಯಿ ಯಾರು, ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನ್ ಎ1 ಬಗೆಯದೋ ಎ2 ಬಗೆಯದೋ, ಕೊಂಬಿಲ್ಲದ ಗುಣ ಇದೆಯೋ ಇಲ್ಲವೋ ಅಂತ ನೋಡಬಹುದು. ಹೋಲ್‌ಸ್ಟೀನ್ ತಳಿಯಲ್ಲಿ ಕಾಣುವ ಬಿಎಲ್‌ಎಡಿ, ಸಿವಿಎಂ ಥರದ ಹುಟ್ಟು ಕಾಯಿಲೆಗಳನ್ನು ಹೋರಿ ಹೊತ್ತಿದೆಯೋ ಎಂದೂ ನೋಡಬಹುದು. ಇನ್ನು ಜೀನೋಮಿಕ್ ಮೌಲ್ಯಮಾಪನ. ಇದರಲ್ಲಿ ಡಿಎನ್‌ಎಯ ಸಾವಿರಾರು ಜಾಗಗಳನ್ನು ಒಟ್ಟಿಗೆ ಓದಿ ಹಾಲು, ಕೊಬ್ಬು, ಗರ್ಭ ಕಟ್ಟುವ ಗುಣಗಳ ಅಂದಾಜು ಕೊಡುತ್ತಾರೆ. ಅಮೆರಿಕದಲ್ಲಿ ಹೋಲ್‌ಸ್ಟೀನ್ ಮತ್ತು ಜರ್ಸಿ ತಳಿಗಳಿಗೆ ಇದು 2009ರಲ್ಲಿ ಅಧಿಕೃತವಾಯಿತು. ದನದ ಇಡೀ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಪ್ರಕಟವಾಗಿದ್ದು ಕೂಡ ಅದೇ ವರ್ಷ. ಹೆರೆಫರ್ಡ್ ತಳಿಯ ಒಂದು ಹಸುವಿನಿಂದ ಓದಿದ್ದು ಅದು.

ಇವಕ್ಕೆಲ್ಲ ಕೂದಲು, ಕಿವಿಯ ಚೂರು, ರಕ್ತ, ವೀರ್ಯ ಯಾವುದಾದರೂ ನಡೆಯುತ್ತದೆ. ಯಾಕಂದರೆ ದನದ ಮೈಯ ಬಹುತೇಕ ಎಲ್ಲ ಜೀವಕೋಶಗಳೊಳಗೂ ಡಿಎನ್‌ಎ ಹೊತ್ತ ಅದೇ 30 ಜೋಡಿ ಕ್ರೋಮೋಸೋಮ್‌ಗಳು, ಅದೇ ಸುಮಾರು 270 ಕೋಟಿ ಅಕ್ಷರಗಳ ಬರಹ (ವೀರ್ಯಾಣುವಿನಲ್ಲಿ ಮಾತ್ರ ಪ್ರತಿ ಜೋಡಿಯಿಂದ ಒಂದೊಂದೇ). ಕರುವಿನಲ್ಲಿ ತೆಗೆದರೂ ಮುದಿ ಹಸುವಿನಲ್ಲಿ ತೆಗೆದರೂ ಉತ್ತರ ಒಂದೇ. ಹಾಗಾಗಿ ಯಾವ ಕರು ಇಟ್ಟುಕೊಳ್ಳಬೇಕು ಅಂತ ಯೋಚಿಸುವ ಮುಂಚೆ, ಚಿಕ್ಕ ವಯಸ್ಸಿನಲ್ಲೇ ತೆಗೆದರೆ ಲಾಭ ಜಾಸ್ತಿ.

ಒಂದು ಪರೀಕ್ಷೆ ಮಾತ್ರ ಬೇರೆ. ಕ್ರೋಮೋಸೋಮ್‌ಗಳನ್ನೇ ಎಣಿಸಿ, ಅವುಗಳ ಆಕಾರ ನೋಡುವ ಕೇರಿಯೋಟೈಪ್ ಪರೀಕ್ಷೆಗೆ ಜೀವಂತ ಬಿಳಿ ರಕ್ತಕಣ ಬೇಕು. ಅದಕ್ಕೆ ರಕ್ತವೇ ಆಗಬೇಕು, ಅದೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ, ಫ್ರೀಜ್ ಮಾಡದೆ, ಆದಷ್ಟು ಬೇಗ ಲ್ಯಾಬ್ ಸೇರಬೇಕು. ಮಾಮೂಲಿ ಡಿಎನ್‌ಎ ಪರೀಕ್ಷೆಗೆ ಇದೇ ಹೆಪಾರಿನ್ ಶತ್ರು. ಅಲ್ಲಿ ಡಿಎನ್‌ಎಯ ನಕಲುಗಳನ್ನು ಮಾಡುವ ಪಿಸಿಆರ್ ಕ್ರಿಯೆಯನ್ನು ಅದು ತಡೆಯುತ್ತದೆ. ಆದ್ದರಿಂದ ಸ್ಯಾಂಪಲ್ ತೆಗೆಯುವ ಮೊದಲು ಲ್ಯಾಬ್‌ಗೆ ಫೋನ್ ಮಾಡಿ ಮೂರು ಮಾತು ಕೇಳಿ: ಏನು ಸ್ಯಾಂಪಲ್ ಬೇಕು, ಎಷ್ಟು ಬೇಕು, ಯಾವುದರಲ್ಲಿ ಕಳಿಸಬೇಕು. ಅವರದೇ ಕಾರ್ಡ್, ಟ್ಯೂಬ್ ಇದ್ದರೆ ಅದನ್ನೇ ತರಿಸಿಕೊಳ್ಳಿ. ನಾನು ಇಲ್ಲಿ ಹೇಳಿದ್ದಕ್ಕೂ ಅವರ ಹಾಳೆಯಲ್ಲಿ ಬರೆದಿದ್ದಕ್ಕೂ ವ್ಯತ್ಯಾಸ ಕಂಡರೆ ಅವರು ಹೇಳಿದ ಹಾಗೇ ಮಾಡಿ.

ನಂಬರ್ ಮೊದಲು, ಕೂದಲು ಆಮೇಲೆ

ಹಿಂದಿನ ದಿನ ಸಂಜೆಯೇ ಪಟ್ಟಿ ಮಾಡಿಕೊಳ್ಳಿ. ಪ್ರತಿ ದನಕ್ಕೂ ಒಂದು ಸಾಲು. ಕಿವಿಯೋಲೆಯ ಪೂರ್ತಿ ನಂಬರ್, ಹೆಣ್ಣೋ ಗಂಡೋ, ತಳಿ, ಹುಟ್ಟಿದ ದಿನ, ತಾಯಿಯ ನಂಬರ್, ತಂದೆ ಆಗಿರಬಹುದಾದ ಹೋರಿಗಳ ನಂಬರ್. ಅವಳಿಯಾಗಿ ಹುಟ್ಟಿದ್ದರೆ ಅದನ್ನೂ ಬರೆಯಿರಿ. ಭ್ರೂಣ ವರ್ಗಾವಣೆಯಿಂದ ಹುಟ್ಟಿದ ಕರುವಾದರೆ ಅದನ್ನಂತೂ ಬರೆಯಲೇಬೇಕು. ಅಲ್ಲಿ ಹೆತ್ತ ಹಸು ಬೇರೆ, ಡಿಎನ್‌ಎ ಕೊಟ್ಟ ತಾಯಿ ಬೇರೆ.

ಕವರ್ ಮೇಲೂ ಟ್ಯೂಬ್ ಮೇಲೂ ನಂಬರನ್ನು ದನದ ಮುಂದೆ ನಿಂತು ಬರೆಯಿರಿ, ಕೂದಲು ಕೀಳುವ ಮೊದಲು. ಬಾಲ್ ಪೆನ್ ಆಗಬಹುದು, ಪೆನ್ಸಿಲ್ ಇನ್ನೂ ಒಳ್ಳೆಯದು. ಇಂಕ್ ಪೆನ್ ಬೇಡ, ಒಂದು ಹನಿ ನೀರು ಬಿದ್ದರೂ ಹರಡುತ್ತದೆ. ಬಾರ್‌ಕೋಡ್ ಇರುವ ಕಿಟ್ ಆದರೆ ಬಾರ್‌ಕೋಡಿನ ಕೊನೆಯ ಕೆಲವು ಅಂಕಿಗಳನ್ನು ಪಟ್ಟಿಯಲ್ಲಿ ಆ ದನದ ಎದುರಿಗೇ ಗುರುತು ಹಾಕಿ.

ಇಬ್ಬರು ಇದ್ದರೆ ಕೆಲಸ ಚೆಂದ. ಒಬ್ಬರು ಕಿವಿಯೋಲೆ ಓದಿ ಜೋರಾಗಿ ಹೇಳಬೇಕು. ಇನ್ನೊಬ್ಬರು ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ ಹೇಳಬೇಕು. ಅಂಕಿ ಅಂಕಿಯಾಗಿ. "ಕೊನೆಗೆ ನಲವತ್ತೇಳಾ?" ಅಂದರೆ ಸಾಲದು. "ಆರು, ಒಂದು, ನಾಲ್ಕು, ಏಳು" ಅಂತ ಪೂರ್ತಿ ಹೇಳಿ. ಕೊಳಕು ಮೆತ್ತಿದ ಓಲೆಯಲ್ಲಿ 3 ಮತ್ತು 8, 1 ಮತ್ತು 7 ಒಂದೇ ಥರ ಕಾಣುತ್ತವೆ. ಬಟ್ಟೆಯಿಂದ ಒರೆಸಿ ಓದಿ. ಓಲೆ ಬಿದ್ದುಹೋಗಿದ್ದರೆ ಮೊದಲು ಓಲೆ ಹಾಕಿಸಿ, ಸ್ಯಾಂಪಲ್ ಆಮೇಲೆ ನೋಡಿಕೊಂಡರಾಯಿತು. ಗೌರಿ, ಲಕ್ಷ್ಮಿ ಅಂತ ಕರೆಯುವ ಹೆಸರು ಮನೆಯವರಿಗೆ ಸರಿ, ಒಂದೇ ಹೆಸರಿನ ಹಸು ಲ್ಯಾಬ್‌ಗೆ ಹತ್ತು ಕಡೆಯಿಂದ ಬಂದಿರುತ್ತವೆ ಅಲ್ವಾ?

ಒಂದು ದನದ ಸ್ಯಾಂಪಲ್ ತೆಗೆದು ಕವರಿಗೆ ಹಾಕಿ ಮುಚ್ಚಿದ ಮೇಲೆಯೇ ಮುಂದಿನ ದನದ ಹತ್ತಿರ ಹೋಗಬೇಕು. ಎರಡು ದನಗಳ ಸ್ಯಾಂಪಲ್ ಒಟ್ಟಿಗೆ ಕೈಯಲ್ಲಿ ಇರಲೇಬಾರದು.

ಬಾಲದ ಕೂದಲು ತೆಗೆಯುವುದು

ನೀವೇ ಮಾಡಿಕೊಳ್ಳಬಹುದಾದ ಸುಲಭದ ದಾರಿ ಇದು. ಸೂಜಿ ಬೇಡ, ಫ್ರಿಜ್ ಬೇಡ. ಆದರೆ ಒಂದು ವಿಷಯ ಸರಿಯಾಗಿ ತಿಳಿಯಬೇಕು. ಪರೀಕ್ಷೆಗೆ ಬೇಕಾದ ಡಿಎನ್‌ಎ ಇರುವುದು ಕೂದಲಿನ ಬೇರಿನಲ್ಲಿ. ಚರ್ಮದೊಳಗೆ ಹುದುಗಿರುವ ಆ ಸಣ್ಣ ಗಡ್ಡೆಯಲ್ಲಿ ಜೀವಕೋಶಗಳಿರುತ್ತವೆ. ಹೊರಗೆ ಕಾಣುವ ಉದ್ದ ಕೂದಲು ಎಷ್ಟಿದ್ದರೂ ಈ ಪರೀಕ್ಷೆಗೆ ಉಪಯೋಗವಿಲ್ಲ. ಕತ್ತರಿಯಿಂದ ಕತ್ತರಿಸಿ ಒಂದು ಹಿಡಿ ಕಳಿಸಿದರೂ ಅಷ್ಟೇ. ಬೇರಿರುವ 30 ಕೂದಲು ಅದಕ್ಕಿಂತ ಎಷ್ಟೋ ಮೇಲು.

ಮೊದಲು ದನವನ್ನು ಕಟ್ಟಿ. ಟ್ರೆವಿಸ್ (ದನ ಅಲ್ಲಾಡದಂತೆ ನಿಲ್ಲಿಸುವ ಚೌಕಟ್ಟು) ಇದ್ದರೆ ಅದರೊಳಗೆ ನಿಲ್ಲಿಸಿ, ಇಲ್ಲದಿದ್ದರೆ ತಲೆಯನ್ನು ಗಿಡ್ಡವಾಗಿ ಕಂಬಕ್ಕೆ ಕಟ್ಟಿ, ಮುಂದೆ ಒಬ್ಬರು ನಿಂತು ಮಾತಾಡಿಸುತ್ತಿರಲಿ. ನೇರ ಹಿಂದೆ ನಿಲ್ಲಬೇಡಿ. ಪಕ್ಕದಲ್ಲಿ, ಅದರ ಸೊಂಟಕ್ಕೆ ಒರಗಿದ ಹಾಗೆ ನಿಲ್ಲಿ. ಹಸು ಕಾಲನ್ನು ಪಕ್ಕಕ್ಕೂ ಬೀಸಿ ಒದೆಯುತ್ತದೆ. ಅಂಟಿಕೊಂಡು ನಿಂತರೆ ಒದೆತಕ್ಕೆ ವೇಗ ಸಿಗುವುದಿಲ್ಲ, ಒಂದು ಮಾರು ದೂರ ನಿಂತರೆ ಪೂರ್ತಿ ಪೆಟ್ಟು ಬೀಳುತ್ತದೆ. ಬಾಲವನ್ನು ಬಲವಂತವಾಗಿ ತಿರುಚಬೇಡಿ, ಒಳಗಿನ ಎಲುಬು ಸಣ್ಣದು, ಮುರಿಯುತ್ತದೆ.

ಬಾಲದ ಕುಚ್ಚನ್ನು ನೋಡಿ. ಸಗಣಿ ಮೆತ್ತಿದ್ದರೆ ಅಲ್ಲಿಂದ ತೆಗೆಯಬೇಡಿ. ಚೊಕ್ಕ ಜಾಗ ಸಿಗದಿದ್ದರೆ ತೊಳೆಯಿರಿ, ಆದರೆ ಪೂರ್ತಿ ಒಣಗಿದ ಮೇಲೆಯೇ ಕೀಳಿ. ಸಾಧ್ಯವಾದರೆ ಹಿಂದಿನ ದಿನವೇ ತೊಳೆದಿಡಿ. ಆಮೇಲೆ ಒಂದು ಬಾಚಣಿಗೆಯಿಂದ ಅಥವಾ ಬೆರಳಿನಿಂದಲೇ ಕುಚ್ಚನ್ನು ಒಂದೆರಡು ಸಲ ಬಾಚಿ. ಉದುರಲು ರೆಡಿಯಾಗಿದ್ದ ಸತ್ತ ಕೂದಲು ಬಂದುಬಿಡುತ್ತವೆ. ಅವುಗಳ ಬೇರು ಒಣಗಿರುತ್ತದೆ, ಡಿಎನ್‌ಎ ತೀರಾ ಕಡಿಮೆ. ಅವನ್ನು ಎಸೆಯಿರಿ. ನಿಮಗೆ ಬೇಕಾದದ್ದು ಗಟ್ಟಿಯಾಗಿ ಕೂತಿರುವ ಕೂದಲು.

ಈಗ ಎಂಟು ಹತ್ತು ಕೂದಲಿನ ಸಣ್ಣ ಎಳೆಯನ್ನು ಬೇರೆ ಮಾಡಿ, ಬೆರಳಿಗೆ ಸುತ್ತಿಕೊಂಡು, ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿಯಿರಿ. ಒಂದೇ ಸಲಕ್ಕೆ ಜಗ್ಗಿ. ಮೆಲ್ಲಗೆ ಎಳೆಯುತ್ತಾ ಹೋದರೆ ಕೂದಲು ನಡುವೆ ತುಂಡಾಗುತ್ತದೆ, ದನಕ್ಕೂ ನೋವು ಜಾಸ್ತಿ. ಕೈ ಜಾರಿದರೆ ಸಣ್ಣ ಇಕ್ಕಳ ಬಳಸಿ. ದೊಡ್ಡ ಗೊಂಚಲನ್ನು ಒಂದೇ ಸಲ ಕೀಳುವ ಆತುರ ಬೇಡ. ಬೇರು ಬರುವುದಿಲ್ಲ, ದನವೂ ಹೆದರಿ ಮುಂದಿನ ಸಲ ಹತ್ತಿರ ಬಿಡುವುದಿಲ್ಲ. ಇಕ್ಕಳ ಬಳಸಿದರೆ ಮುಂದಿನ ದನಕ್ಕೆ ಹೋಗುವ ಮೊದಲು ಅದನ್ನು ಒರೆಸಿ, ಒಂದು ಕೂದಲೂ ಅಂಟಿಕೊಂಡಿಲ್ಲ ಅಂತ ನೋಡಿ.

ಕಿತ್ತ ಕೂಡಲೇ ಬೇರನ್ನು ನೋಡಬೇಕು. ಬಿಳಿ ಕೂದಲಾದರೆ ಕಪ್ಪು ಬಟ್ಟೆಯ ಮುಂದೆ, ಕಪ್ಪು ಕೂದಲಾದರೆ ಬಿಳಿ ಹಾಳೆಯ ಮುಂದೆ ಹಿಡಿಯಿರಿ. ತುದಿಯಲ್ಲಿ ಗಡ್ಡೆ ಕಾಣುತ್ತದೆ, ಸಾಸಿವೆಗಿಂತ ತುಂಬಾ ಚಿಕ್ಕದು, ಮುಟ್ಟಿದರೆ ಸ್ವಲ್ಪ ಅಂಟಂಟು. ಆದರೆ ಮತ್ತೆ ಮತ್ತೆ ಮುಟ್ಟಬೇಡಿ, ಒಂದು ಸಲ ಕಣ್ಣಲ್ಲಿ ನೋಡಿದರೆ ಸಾಕು. ಗಡ್ಡೆ ಕಾಣದ ಕೂದಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇರಿರುವಂಥವು 30ರಿಂದ 50 ಆಗುವವರೆಗೆ ಬೇರೆ ಬೇರೆ ಜಾಗದಿಂದ ಕೀಳಿ.

ಬೇರುಗಳೆಲ್ಲ ಒಂದೇ ಕಡೆ ಬರುವ ಹಾಗೆ ಜೋಡಿಸಿ. ಕಾರ್ಡ್ ಕೊಟ್ಟಿದ್ದರೆ ಬೇರು ಯಾವ ಕಡೆ ಅಂಟಬೇಕು ಅಂತ ಅದರ ಮೇಲೇ ಚಿತ್ರ ಇರುತ್ತದೆ. ಕಾರ್ಡ್ ಇಲ್ಲದಿದ್ದರೆ ಕೂದಲಿನ ನಡುಭಾಗಕ್ಕೆ ಟೇಪ್ ಹಾಕಿ ದಪ್ಪ ಹಾಳೆಗೆ ಅಂಟಿಸಿ, ಬೇರಿನ ಮೇಲೆ ಟೇಪ್ ಬರದಿರಲಿ. ಜಾಸ್ತಿ ಉದ್ದವಾದ ತುದಿಯನ್ನು ಕತ್ತರಿಸಿಬಿಡಿ. ಬೇರಿನ ಕಡೆ ಯಾವುದು, ತುದಿಯ ಕಡೆ ಯಾವುದು ಅಂತ ಕತ್ತರಿ ಇಡುವ ಮೊದಲು ಇನ್ನೊಮ್ಮೆ ನೋಡಿ. ಇಲ್ಲಿ ಎಡವಿದವರು ಬಹಳ ಜನ.

ಪೇಪರ್ ಕವರಿಗೆ ಹಾಕಿ. ಪ್ಲಾಸ್ಟಿಕ್ ಬೇಡ. ಪ್ಲಾಸ್ಟಿಕ್ ಒಳಗೆ ಬೆವರು ಹನಿಯುತ್ತದೆ, ಬೂಸ್ಟು ಬರುತ್ತದೆ, ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತಿಂದು ಮುಗಿಸುತ್ತದೆ. ಪೇಪರ್ ಕವರನ್ನು ನೆರಳಿನ, ಒಣ ಜಾಗದಲ್ಲಿ ಇಡಿ. ಫ್ರಿಜ್ ಬೇಕಿಲ್ಲ. ಅಲ್ಲಿಂದ ಹೊರಗೆ ತೆಗೆದಾಗ ತೇವ ಕೂತುಕೊಳ್ಳುತ್ತದೆ. ಸರಿಯಾಗಿ ಒಣಗಿದ ಕೂದಲು ತಿಂಗಳುಗಟ್ಟಲೆ ಕೆಡದೆ ಇರುತ್ತದೆ.

ಪ್ರತಿ ದನಕ್ಕೂ ಎರಡು ಕವರ್ ಮಾಡುವುದು ನನ್ನ ರೂಢಿ. ಒಂದು ಲ್ಯಾಬ್‌ಗೆ, ಇನ್ನೊಂದು ನಮ್ಮಲ್ಲೇ. ಅದೇ ನಂಬರ್, ಅದೇ ದಿನಾಂಕ. ಲ್ಯಾಬ್ ಇನ್ನೊಮ್ಮೆ ಕೇಳುವ ಹೊತ್ತಿಗೆ ಆ ಹಸು ಮಾರಾಟವಾಗಿರಬಹುದು, ಸತ್ತೂ ಹೋಗಿರಬಹುದು.

ಎಳೆಗರುವಿನ ಬಾಲದ ಕೂದಲು ತೆಳು, ಬೇರು ಸಣ್ಣದು. 30 ಕೂದಲು ಸಾಲುವುದಿಲ್ಲ, ಜಾಸ್ತಿ ತೆಗೆಯಬೇಕು. ಎಳೆಗರುಗಳಿಗೆ ಕಿವಿಯ ಚೂರೇ ವಾಸಿ ಅಂತ ನನ್ನ ಅನಿಸಿಕೆ.

ಅವಳಿ ಕರುಗಳ ವಿಷಯ ಬೇರೆ

ಇದನ್ನು ಗೊತ್ತಿಲ್ಲದೆ ಮಾಡಿದ ತಪ್ಪು ಎಷ್ಟೋ. ಹಸುವಿನ ಹೊಟ್ಟೆಯಲ್ಲಿ ಅವಳಿಗಳು ಬೆಳೆಯುವಾಗ ಸಾಮಾನ್ಯವಾಗಿ ಎರಡರ ಮಾಸಿನ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತದೆ. ರಕ್ತ ಹುಟ್ಟಿಸುವ ಕೋಶಗಳೂ ಜೊತೆಗೆ ಹೋಗಿ, ಇನ್ನೊಂದು ಕರುವಿನ ಮೂಳೆಯೊಳಗೆ ನೆಲೆಸಿಬಿಡುತ್ತವೆ. ಅದಾದ ಮೇಲೆ ಬದುಕಿರುವಷ್ಟು ಕಾಲ ಆ ದನದ ರಕ್ತದಲ್ಲಿ ಎರಡು ಡಿಎನ್‌ಎ ಇರುತ್ತವೆ, ತನ್ನದು ಮತ್ತು ಒಡಹುಟ್ಟಿನದು. ರಕ್ತ ಕಳಿಸಿದರೆ ಉತ್ತರ ಕಲಸಿಹೋಗುತ್ತದೆ.

ಹಾಗಾಗಿ ಅವಳಿಯಾಗಿ ಹುಟ್ಟಿದ ದನಕ್ಕೆ ಕೂದಲೇ ಆಗಬೇಕು. ಕಿವಿಯ ಚೂರಿನಲ್ಲೂ ಸ್ವಲ್ಪ ರಕ್ತ ಇರುತ್ತದೆ, ಅದು ಎರಡನೇ ಆಯ್ಕೆ. ಅವಳಿಯಲ್ಲಿ ಒಂದು ಸತ್ತು ಹುಟ್ಟಿದ್ದರೂ ಉಳಿದದ್ದಕ್ಕೆ ಇದೇ ನಿಯಮ. ರಕ್ತ ಅಷ್ಟು ಹೊತ್ತಿಗೆ ಬೆರೆತು ಆಗಿರುತ್ತದೆ.

ಗಂಡು ಕರುವಿನ ಜೊತೆ ಹುಟ್ಟಿದ ಹೆಣ್ಣು ಕರು ಗೊಡ್ಡಾಗುವುದು ನೂರರಲ್ಲಿ 90ಕ್ಕೂ ಹೆಚ್ಚು. ಫ್ರೀಮಾರ್ಟಿನ್ ಅನ್ನುತ್ತಾರೆ. ಅದು ಗೊಡ್ಡೋ ಅಲ್ಲವೋ ಅಂತ ತಿಳಿಯುವ ಪರೀಕ್ಷೆಗೆ ಮಾತ್ರ ರಕ್ತವೇ ಬೇಕು. ಅಲ್ಲಿ ಹುಡುಕುವುದೇ ಹೆಣ್ಣು ಕರುವಿನ ರಕ್ತದೊಳಗೆ ಸೇರಿಕೊಂಡ ಗಂಡಿನ ಡಿಎನ್‌ಎ. ಸಾಕಿ ದೊಡ್ಡದು ಮಾಡಿ ಎರಡು ವರ್ಷ ಕಾಯುವ ಬದಲು ಕರುವಿದ್ದಾಗಲೇ ಈ ಪರೀಕ್ಷೆ ಮಾಡಿಸಿದರೆ ಖರ್ಚು, ಬೇಸರ ಎರಡೂ ಉಳಿಯುತ್ತದೆ.

ಕಿವಿಯ ಚೂರು

ಓಲೆ ಹಾಕುವ ಇಕ್ಕಳದಂತೆಯೇ ಇರುವ ಉಪಕರಣ ಬರುತ್ತದೆ. ಒತ್ತಿದ ಕೂಡಲೇ ಕೆಲವೇ ಮಿಲಿಮೀಟರ್ ಅಗಲದ ಚೂರು ಕತ್ತರಿಸಿ, ಅದನ್ನು ದ್ರವ ತುಂಬಿದ ಪುಟ್ಟ ಟ್ಯೂಬಿನೊಳಗೆ ತಳ್ಳಿ, ಮುಚ್ಚಳವನ್ನೂ ಮುಚ್ಚುತ್ತದೆ. ಟ್ಯೂಬ್ ಮೇಲೆ ಬಾರ್‌ಕೋಡ್ ಇರುತ್ತದೆ. ಕತ್ತರಿಸುವ ಭಾಗ ಪ್ರತಿ ದನಕ್ಕೂ ಹೊಸದು, ಒಂದರ ಡಿಎನ್‌ಎ ಇನ್ನೊಂದಕ್ಕೆ ಅಂಟುವ ಭಯ ಇಲ್ಲ. ತುಂಬಾ ದನಗಳಿದ್ದರೆ ಇದಕ್ಕೆ ಸಾಟಿ ಇಲ್ಲ.

ಕಿವಿಯಲ್ಲಿ ಉಬ್ಬಿದ ಗೆರೆಗಳಂತೆ ಮೃದ್ವಸ್ಥಿಯ ಏಣುಗಳಿರುತ್ತವೆ. ಎರಡು ಏಣುಗಳ ನಡುವಿನ ತೆಳು ಜಾಗ ಆರಿಸಿ. ಬೆಳಕಿಗೆ ಹಿಡಿದರೆ ರಕ್ತನಾಳ ಕಾಣುತ್ತದೆ, ಅದನ್ನು ತಪ್ಪಿಸಿ. ಹಳೆಯ ಓಲೆಯ ತೂತಿನ ಹತ್ತಿರ ಬೇಡ, ಅಲ್ಲಿ ಗಾಯದ ಚರ್ಮ ಇರುತ್ತದೆ. ಕೊಳಕು, ಕಿವಿಯ ಮೇಣ ಇದ್ದರೆ ಒಣ ಬಟ್ಟೆಯಿಂದ ಒರೆಸಿ. ಒಂದೇ ಸಲ ಪೂರ್ತಿ ಒತ್ತಿ, ಥಟ್ಟನೆ ಬಿಡಿ. ನಿಧಾನ ಮಾಡಿದರೆ ದನ ತಲೆ ಒದರುತ್ತದೆ, ಕಿವಿ ಹರಿಯುತ್ತದೆ. ಆಮೇಲೆ ಟ್ಯೂಬನ್ನು ಬೆಳಕಿಗೆ ಹಿಡಿದು ಚೂರು ದ್ರವದಲ್ಲಿ ಮುಳುಗಿದೆಯಾ ನೋಡಿ. ಮೇಲೆ ಅಂಟಿಕೊಂಡಿದ್ದರೆ ಅಲ್ಲಾಡಿಸಿ ಕೆಳಗೆ ಇಳಿಸಿ. ಚೂರೇ ಬಿದ್ದಿಲ್ಲ ಅಂದರೆ ಹೊಸ ಟ್ಯೂಬಿನಲ್ಲಿ ಇನ್ನೊಮ್ಮೆ ತೆಗೆಯಿರಿ, ಖಾಲಿ ಟ್ಯೂಬಿನ ಬಾರ್‌ಕೋಡನ್ನು ಪಟ್ಟಿಯಿಂದ ಹೊಡೆದುಹಾಕಿ. ನೊಣದ ಕಾಲದಲ್ಲಿ ಗಾಯಕ್ಕೆ ನೊಣ ಕೂರದ ಔಷಧಿ ಸಿಂಪಡಿಸಿ.

ಈ ಉಪಕರಣ ಇಲ್ಲದೆ, ಕಿವಿ ಗುರುತು ಮಾಡುವ ಹಳೆಯ ಇಕ್ಕಳದಿಂದ ಚೂರು ತೆಗೆಯುವವರೂ ಇದ್ದಾರೆ. ಆಗ ಪ್ರತಿ ದನದ ನಂತರ ಇಕ್ಕಳವನ್ನು ಉಜ್ಜಿ ತೊಳೆದು, ಬ್ಲೀಚ್ ನೀರಿನಲ್ಲಿ ಅದ್ದಿ, ಮತ್ತೆ ಒಳ್ಳೆಯ ನೀರಿನಲ್ಲಿ ತೊಳೆದು ಒರೆಸಬೇಕು. ಕೊನೆಯ ತೊಳೆತ ಮರೆಯಬಾರದು. ಬ್ಲೀಚ್ ಹಿಂದಿನ ದನದ ಡಿಎನ್‌ಎಯನ್ನು ನಾಶ ಮಾಡುತ್ತದೆ, ಉಳಿದುಕೊಂಡರೆ ಮುಂದಿನ ದನದ್ದನ್ನೂ ನಾಶ ಮಾಡುತ್ತದೆ. ಚೂರನ್ನು 95 ಪ್ರತಿಶತದ ಶುದ್ಧ ಈಥೈಲ್ ಆಲ್ಕೋಹಾಲಿನಲ್ಲಿ ಮುಳುಗಿಸಿಡಬಹುದು. ಫಾರ್ಮಲಿನ್‌ನಲ್ಲಿ ಮಾತ್ರ ಬೇಡವೇ ಬೇಡ. ಮಾಂಸದ ಚೂರು ಕೆಡದೆ ಉಳಿಯುತ್ತದೆ, ಒಳಗಿನ ಡಿಎನ್‌ಎ ಹಾಳಾಗಿರುತ್ತದೆ.

ರಕ್ತ ತೆಗೆಯುವುದಾದರೆ

ಇದನ್ನು ಪಶುವೈದ್ಯರಿಗೇ ಬಿಡಿ. ಕುತ್ತಿಗೆಯ ನಾಳದಿಂದ ಅಥವಾ ಬಾಲದ ಅಡಿಯ ನಾಳದಿಂದ ಅವರು ತೆಗೆಯುತ್ತಾರೆ. ನಿಮ್ಮ ಕೆಲಸ ದನ ಹಿಡಿಯುವುದು, ನಂಬರ್ ಓದುವುದು, ಟ್ಯೂಬ್ ಸರಿಯಾದದ್ದೇ ಅಂತ ನೋಡುವುದು.

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು. ಇಡಿಟಿಎ ರಕ್ತದ ಕ್ಯಾಲ್ಸಿಯಂ ಹಿಡಿದುಕೊಂಡು ಹೆಪ್ಪುಗಟ್ಟದಂತೆ ತಡೆಯುತ್ತದೆ. ರಕ್ತ ಬಿದ್ದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ. ಕುಲುಕಬೇಡಿ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪಿನಿಂದ ಡಿಎನ್‌ಎ ಬಿಡಿಸುವುದು ಕಷ್ಟ. ದನದ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಡಿಎನ್‌ಎ ಬರುವುದು ಬಿಳಿ ರಕ್ತಕಣದಿಂದ. ಆದರೂ ಚಿಂತೆ ಇಲ್ಲ. ಆರೋಗ್ಯವಂತ ದನದ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 40 ಲಕ್ಷದಿಂದ 1.2 ಕೋಟಿ ಬಿಳಿ ರಕ್ತಕಣಗಳಿರುತ್ತವೆ.

ಪ್ರತಿ ದನಕ್ಕೂ ಹೊಸ ಸೂಜಿ. ಇದರಲ್ಲಿ ಉಳಿತಾಯ ಮಾಡಬೇಡಿ. ಒಂದೇ ಸೂಜಿಯಿಂದ ಥೈಲೇರಿಯಾ, ಅನಾಪ್ಲಾಸ್ಮಾ, ರಕ್ತದ ಕ್ಯಾನ್ಸರ್ ತರುವ ವೈರಸ್ ಇಡೀ ಕೊಟ್ಟಿಗೆಗೆ ಹರಡಬಹುದು. ಕೈಗೆ ಗ್ಲೌಸ್ ಇರಲಿ. ಬ್ರುಸೆಲ್ಲಾ ಥರದ ರೋಗ ದನದಿಂದ ಮನುಷ್ಯರಿಗೂ ಬರುತ್ತದೆ.

ರಕ್ತದ ಟ್ಯೂಬನ್ನು ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಇಟ್ಟು ಕೆಲವೇ ದಿನಗಳಲ್ಲಿ ಕಳಿಸಿ. ಗಾಜಿನ ಟ್ಯೂಬನ್ನು ಫ್ರೀಜರಿಗೆ ಹಾಕಿದರೆ ಒಡೆಯುತ್ತದೆ. ಫ್ರೀಜ್ ಮಾಡಿ, ಕರಗಿಸಿ, ಮತ್ತೆ ಫ್ರೀಜ್ ಮಾಡಿದರೆ ಡಿಎನ್‌ಎ ತುಂಡು ತುಂಡಾಗುತ್ತದೆ. ದೂರದ ದಾರಿಯಾದರೆ ಎಫ್‌ಟಿಎ ಕಾರ್ಡ್, ಅಂದರೆ ರಕ್ತದ ಹನಿ ಹೀರಿ ಡಿಎನ್‌ಎ ಕೆಡದಂತೆ ಇಡುವ ಕಾಗದದ ಕಾರ್ಡ್, ಒಳ್ಳೆಯದು. ಗುರುತಿನ ವೃತ್ತದೊಳಗೆ ರಕ್ತದ ಹನಿ ಇಳಿಸಿ, ಬಿಸಿಲು ತಾಗದ ಕಡೆ ಕೆಲವು ಗಂಟೆ ಬಿಡಿಸಿ ಒಣಗಿಸಿ. ಒಣಗುವ ಮೊದಲು ಮಡಚಬೇಡಿ, ಒಂದರ ಮೇಲೊಂದು ಇಡಬೇಡಿ. ನೊಣ ಕೂರದಂತೆ ನೋಡಿಕೊಳ್ಳಿ, ಒಂದು ಕಾರ್ಡಿನ ರಕ್ತವನ್ನು ಇನ್ನೊಂದಕ್ಕೆ ಅದೇ ಸಾಗಿಸುತ್ತದೆ. ಒಣಗಿದ ಕಾರ್ಡ್ ಫ್ರಿಜ್ ಇಲ್ಲದೆ ವರ್ಷಗಟ್ಟಲೆ ಇರುತ್ತದೆ. ಇತ್ತೀಚೆಗೆ ಬೇರೆ ದನದ ರಕ್ತ ಕೊಡಿಸಿದ್ದರೆ ಅಂಥ ಹಸುವಿನಿಂದ ರಕ್ತ ಬೇಡ, ಕೂದಲು ತೆಗೆಯಿರಿ.

ಹೋರಿ ಸತ್ತುಹೋಗಿ ಅದರ ವೀರ್ಯದ ಸ್ಟ್ರಾ ಮಾತ್ರ ಉಳಿದಿದ್ದರೆ ಒಂದು ಸ್ಟ್ರಾ ಸಾಕು. ವೀರ್ಯಾಣು ಜೀವಂತ ಇರಬೇಕಿಲ್ಲ. ಸ್ಟ್ರಾ ಮೇಲಿನ ಹೋರಿಯ ನಂಬರ್ ಅಳಿಸದಂತೆ ಕಳಿಸಿ. ಮೂಗಿನ ಸ್ವಾಬ್ ತೆಗೆಯುವ ಲ್ಯಾಬ್‌ಗಳೂ ಇವೆ. ಹಾಲು ಕುಡಿಯುವ ಕರುವಿನಲ್ಲಿ ಅದು ನನಗೆ ಇಷ್ಟವಿಲ್ಲ. ಹಾಲಿನಲ್ಲೂ ತಾಯಿ ನೆಕ್ಕಿದ ಎಂಜಲಿನಲ್ಲೂ ತಾಯಿಯ ಜೀವಕೋಶಗಳಿರುತ್ತವೆ.

ಸತ್ತ ದನದಿಂದ ತೆಗೆಯುವ ಮುನ್ನ

ಸತ್ತ ದನದಿಂದಲೂ ಬೇಗ ತೆಗೆದರೆ ಕೂದಲು, ಕಿವಿಯ ಚೂರು ಸಿಗುತ್ತದೆ. ಆದರೆ ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಮುಟ್ಟಬೇಡಿ. ಅದು ಆಂಥ್ರಾಕ್ಸ್ ಇರಬಹುದು. ಕುಯ್ಯಬೇಡಿ, ಕೂದಲನ್ನೂ ಕೀಳಬೇಡಿ. ಜನರನ್ನೂ ನಾಯಿಗಳನ್ನೂ ದೂರ ಇಟ್ಟು ಪಶುವೈದ್ಯರನ್ನು ಕರೆಯಿರಿ.

ತಂದೆ ಯಾರು ಅಂತ ಕೇಳುವುದಾದರೆ

ಲ್ಯಾಬ್ ಇಲ್ಲಿ ಮಾಡುವುದು ತಂದೆ ಅಲ್ಲದವರನ್ನು ಒಬ್ಬೊಬ್ಬರಾಗಿ ಹೊರಗೆ ಹಾಕುವ ಕೆಲಸ. ಡಿಎನ್‌ಎಯ ಪ್ರತಿ ಜಾಗದಲ್ಲೂ ಕರುವಿಗೆ ಎರಡು ಅಕ್ಷರ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಜಾಗದಲ್ಲಿ ಕರುವಿನದು ಎಎ, ಹೋರಿಯದು ಜಿಜಿ ಅಂತಿಟ್ಟುಕೊಳ್ಳಿ. ಆ ಹೋರಿ ಎ ಕೊಡಲು ಸಾಧ್ಯವೇ ಇಲ್ಲ. ಇಂಥ ಜಾಗಗಳು ಹಲವು ಸಿಕ್ಕರೆ ಆ ಹೋರಿ ತಂದೆ ಅಲ್ಲ. ಆದ್ದರಿಂದ ಆ ಸಮಯದಲ್ಲಿ ಹಸುವಿನ ಹತ್ತಿರ ಹೋಗಿರಬಹುದಾದ ಎಲ್ಲ ಹೋರಿಗಳ ಸ್ಯಾಂಪಲ್ಲೂ ಬೇಕು. ಬೇಲಿ ಹಾರಿ ಬಂದದ್ದರದ್ದೂ ಬೇಕು. ಒಂದನ್ನು ಬಿಟ್ಟರೆ ತಂದೆ ಅದೇ ಆಗಿರಬಹುದು. ತಾಯಿಯದ್ದನ್ನೂ ಕಳಿಸಿದರೆ ಉತ್ತರ ಎಷ್ಟೋ ಗಟ್ಟಿಯಾಗುತ್ತದೆ. ಹೋರಿಗಳು ಅಣ್ಣ ತಮ್ಮಂದಿರೋ ಅಪ್ಪ ಮಗನೋ ಆಗಿದ್ದರೆ ಅದನ್ನು ಮುಂಚೆಯೇ ತಿಳಿಸಿ. ಹತ್ತಿರದ ಸಂಬಂಧದ ಹೋರಿಗಳನ್ನು ಬೇರೆ ಮಾಡಲು ಹೆಚ್ಚು ಜಾಗಗಳನ್ನು ಓದಬೇಕಾಗುತ್ತದೆ.

ಕಟ್ಟಿ ಕಳಿಸುವುದು

ಕೂದಲು, ಒಣಗಿದ ಕಾರ್ಡ್ ಆದರೆ ದಪ್ಪ ಕವರ್ ಸಾಕು. ರಕ್ತದ ಟ್ಯೂಬಿಗೆ ಸುತ್ತ ಹತ್ತಿ, ಅದರ ಮೇಲೆ ಸೋರದ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಗಟ್ಟಿ ಡಬ್ಬಿ. ಐಸ್ ಪ್ಯಾಕ್ ಇಟ್ಟರೆ ಟ್ಯೂಬಿಗೆ ನೇರ ತಾಗದಂತೆ ನಡುವೆ ಬಟ್ಟೆ ಇಡಿ. ವಾರದ ಮೊದಲಲ್ಲೇ ಕಳಿಸಿ, ರಜಾ ದಿನ ಎಲ್ಲೋ ಗೋದಾಮಿನಲ್ಲಿ ಬಿದ್ದಿರದ ಹಾಗೆ. ಸಾಗಿಸುವಾಗ ಬಿಸಿಲಿಗೆ ಕಾದ ಗಾಡಿಯೊಳಗೆ ಬಿಡಬೇಡಿ. ಪಟ್ಟಿಯ ಒಂದು ಪ್ರತಿ ಡಬ್ಬಿಯೊಳಗೆ ಇಡಿ, ಒಂದು ನಿಮ್ಮ ಹತ್ತಿರ, ಮೊಬೈಲಿನಲ್ಲಿ ಫೋಟೊ ಕೂಡ. ಬೇರೆ ದೇಶದ ಲ್ಯಾಬ್ ಆದರೆ ಅನುಮತಿ ಪತ್ರ ಮೊದಲೇ ಬೇಕು. ಕಾಲುಬಾಯಿ ರೋಗದ ಭಯದಿಂದ ದನದ ಯಾವ ಸ್ಯಾಂಪಲನ್ನೂ ಸುಮ್ನೆ ಒಳಗೆ ಬಿಡುವುದಿಲ್ಲ.

ರಿಪೋರ್ಟ್ ಬಂದ ದಿನ

ಮೊದಲು ಹಾಲಿನ ಅಂಕಿ ನೋಡಬೇಡಿ. ಮೊದಲು ಲಿಂಗ ನೋಡಿ. ಜೀನೋಮ್ ಪರೀಕ್ಷೆಯಲ್ಲಿ ಸ್ಯಾಂಪಲ್ ಹೆಣ್ಣಿನದೋ ಗಂಡಿನದೋ ಅಂತ ಗೊತ್ತಾಗುತ್ತದೆ. ಹಸು ಅಂತ ಕಳಿಸಿದ್ದು ಗಂಡು ಅಂತ ಬಂದಿದ್ದರೆ ಕವರ್ ಬದಲಾಗಿದೆ. ಎರಡು ಹಸುಗಳ ನಡುವೆ ಬದಲಾಗಿದ್ದರೆ ಇದು ಹಿಡಿಯುವುದಿಲ್ಲ, ಅದಕ್ಕೆ ತಾಯಿ ಮಗಳ ಹೊಂದಾಣಿಕೆ ನೋಡಬೇಕು. ಒಂದು ಜೋಡಿ ಹೊಂದದಿದ್ದರೆ ಆ ದಿನ ಅದರ ಹಿಂದೆ ಮುಂದೆ ತೆಗೆದ ದನಗಳ ಸಾಲುಗಳನ್ನೂ ನೋಡಿ. ಕವರ್ ಅದಲು ಬದಲಾಗುವುದು ಹೆಚ್ಚಾಗಿ ಅಕ್ಕಪಕ್ಕದ ಸಾಲುಗಳಲ್ಲಿ. ಹೊಂದಿಲ್ಲ ಅಂದ ಮಾತ್ರಕ್ಕೆ ಕವರೇ ಬದಲಾಗಿರಬೇಕು ಅಂತಲೂ ಇಲ್ಲ. ಒಂದೇ ರಾತ್ರಿ ಎರಡು ಹಸು ಕರು ಹಾಕಿದಾಗ ಕರುಗಳೇ ಅದಲು ಬದಲಾಗಿರುತ್ತವೆ, ಒಂದರ ಕರು ಇನ್ನೊಂದರ ಹಾಲು ಕುಡಿಯುತ್ತಿರುತ್ತದೆ.

ಹೋಲ್‌ಸ್ಟೀನ್, ಜರ್ಸಿಗಳ ಲೆಕ್ಕದಲ್ಲಿ ತಯಾರಾದ, ಡಿಎನ್‌ಎ ಓದುವ ಚಿಪ್ ಮತ್ತು ಅದರ ಅಂದಾಜನ್ನು ಡುಬ್ಬವಿರುವ ತಳಿಗೆ ಹಾಗೇ ಹೊಂದಿಸಲು ಹೋಗಬೇಡಿ. ನಿಮ್ಮ ತಳಿಯ ದನಗಳನ್ನು ಆಧಾರವಾಗಿ ಇಟ್ಟುಕೊಂಡು ಮಾಡಿದ ಲೆಕ್ಕ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ತಂದೆ ತಾಯಿ, ಎ2, ಹುಟ್ಟು ಕಾಯಿಲೆ ಇಂಥ ನೇರ ಉತ್ತರಗಳನ್ನು ಮಾತ್ರ ತೆಗೆದುಕೊಳ್ಳಿ.

ಅನುಮಾನ ಬಂದರೆ ರಿಪೋರ್ಟನ್ನು ದಾಖಲೆಗೆ ಸೇರಿಸಬೇಡಿ. ಎತ್ತಿಟ್ಟ ಎರಡನೇ ಕವರ್ ತೆಗೆಯಿರಿ. ಆದರೆ ಅದನ್ನು ತುಂಬಿದ್ದೂ ಅದೇ ದಿನ, ಅದೇ ಕೈ. ಹಾಗಾಗಿ ನಂಬರಿನ ಮೇಲೇ ಅನುಮಾನ ಇದ್ದರೆ ಆ ಕವರನ್ನೂ ನಂಬದೆ ಕೊಟ್ಟಿಗೆಗೆ ಹೋಗಿ, ಓಲೆ ಒರೆಸಿ ಓದಿ, ಹೊಸದಾಗಿ ಕೂದಲು ಕೀಳಿ.